ವಿಳಾಸ ಕೊಟ್ಟ ಮನೆ

ಆ ಕಾರು ಮೊದಲ ಸಲ ಕಣ್ಣಿಗೆ ಬಿದ್ದಾಗ ನಾನು ಮಗನ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಬೀದಿ ತಿರುವಿನವರೆಗೂ ಕಾಣುತ್ತಿತ್ತು. ತಿರುವಿಗೆ ಸ್ವಲ್ಪ ಈಚೆ, ಓಕ್ ಮರದ ಕೆಳಗೆ, ಕಂದು ಬಣ್ಣದ ಕಾರೊಂದು ನಿಂತಿತ್ತು; ಒಳಗೆ ಟೋಪಿ ಹಾಕಿಕೊಂಡ ಗಂಡಸೊಬ್ಬ ಕೂತಿದ್ದ. ಟೆಕ್ಸಾಸಿನ ಡಲ್ಲಾಸ್ ಪಕ್ಕದ ಇರ್ವಿಂಗ್‌ನಿಂದ ಉತ್ತರಕ್ಕಿದ್ದ ಆ ಹೊಸ ಬಡಾವಣೆಯಲ್ಲಿ ಕಾರುಗಳು ಗರಾಜಿನಿಂದ ಹೊರಡುತ್ತವೆ, ಗರಾಜಿಗೇ ವಾಪಸ್ ಬರುತ್ತವೆ. ರಸ್ತೆಯ ಬದಿಯಲ್ಲಿ ಎಂಜಿನ್ ಆಫ್ ಮಾಡಿಕೊಂಡು ಯಾರೂ ಸುಮ್ಮನೆ ಕೂರುವುದಿಲ್ಲ. ಯಾರಿಗೋ ಕಾಯುತ್ತಿರಬೇಕು ಅಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದೆ.

ಅವನು ಕಾಯುತ್ತಿದ್ದದ್ದು ನಮ್ಮ ಮನೆಯನ್ನೇ ಎಂದು ಗೊತ್ತಾದದ್ದು ಆಮೇಲೆ.

ಆಗ ನಾನು ಲಾಸ್ ಕೊಲಿನಾಸ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿಸಿ, ಏನೂ ಆಗದೆ, ಎಲ್ಲರೂ ಸ್ವಲ್ಪ ಪೆಚ್ಚಾಗಿದ್ದ ವರ್ಷ. ನನ್ನ ಟೀಮ್ ಲೀಡ್ ಕಪ್ಪು ಜನಾಂಗದ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಕೆಲಸದಲ್ಲಿ ಬಲು ಖಡಕ್. ನಾನು ಬರೆದ ಮೊದಲ ರಿಪೋರ್ಟನ್ನು ಕೆಂಪು ಪೆನ್ನಿನಿಂದ ಗೀಚಿ ಹಾಕಿ, ಅದೇ ದಿನ ಊಟಕ್ಕೆ ತನ್ನ ಜೊತೆ ಕೂರಿಸಿಕೊಂಡವಳು. ಆಫೀಸಿನ ಬೇರೆ ಇಂಡಿಯನ್ನರು ತಮ್ಮದೇ ಟೇಬಲ್ಲಿನಲ್ಲಿ ಕೂತು ಪರಸ್ಪರ ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದರು. ಅವಳ ಜೊತೆ ಜಾಸ್ತಿ ಒಡನಾಟ ಬೇಡ, ಅವರ ಏರಿಯಾಗೆ ಹೋದರೆ ಕಾರಿನ ಬಾಗಿಲು ಲಾಕ್ ಮಾಡಿಕೋ ಎಂದು ಒಬ್ಬಿಬ್ಬರು ನನಗೆ ಬುದ್ಧಿ ಹೇಳಿದ್ದೂ ಉಂಟು. ಬುದ್ಧಿ ಹೇಳಿದವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಮೈ ಉರಿಯುತ್ತದೆ. ಆಮೇಲಿಂದ ದಿನಾ ಅವಳ ಜೊತೆಯೇ ಊಟ ಮಾಡಿದೆ.

ಅವಳ ಮನೆ ಡಲ್ಲಾಸ್‌ನ ದಕ್ಷಿಣಕ್ಕೆ, ಟ್ರಿನಿಟಿ ನದಿಯ ಆಚೆ. ತಂದೆ ಕಟ್ಟಿಸಿದ ಮನೆ. ಆ ತಂದೆ ಕಪ್ಪು ಜನರಿಗೆ ಸಮಾನ ಹಕ್ಕು ಬೇಕೆಂದು ಬೋರ್ಡು ಹಿಡಿದು ಡೌನ್‌ಟೌನಿನ ಅಂಗಡಿಗಳ ಮುಂದೆ ನಿಂತವರು, ಮೆರವಣಿಗೆಯಲ್ಲಿ ನಡೆದವರು, ಅದಕ್ಕಾಗಿ ಕೆಲಸ ಕಳೆದುಕೊಂಡವರು. ಕೋರ್ಟು ಆದೇಶ ಮಾಡಿ ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಬಿಳಿಯರ ಶಾಲೆಗೆ ಕಳಿಸಿದಾಗ ಹಾಗೆ ಹೋದ ಮಕ್ಕಳಲ್ಲಿ ಇವಳೂ ಒಬ್ಬಳು. ಬಸ್ಸಿನಲ್ಲಿ ಇಡೀ ವರ್ಷ ಯಾರೂ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಲಿಲ್ಲ ಎಂದು ಹೇಳಿದ್ದಳು. ಯಾಕೆ ಎಂದು ನಾನು ಕೇಳಿದಾಗ, ಕಲ್ಲು ಬರುವುದು ಕಿಟಕಿಯಿಂದ ತಾನೆ ಅಂದು ಸ್ಯಾಂಡ್‌ವಿಚ್ ಕಚ್ಚಿದಳು. ಯಾರದೋ ಮನೆಯ ಸುದ್ದಿ ಹೇಳಿದ ಹಾಗಿತ್ತು ಅವಳ ದನಿ.

ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು, ಹೈಸ್ಕೂಲಿನ ಕೊನೆಯ ಎರಡು ವರ್ಷ ಬಾಕಿ, ಲೆಕ್ಕದಲ್ಲಿ ಭಾರಿ ಚುರುಕು, ಎಂಜಿನಿಯರ್ ಆಗಬೇಕೆಂಬ ಹಟ. ಅವರ ಏರಿಯಾದ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ವರ್ಷದ ನಡುವೆ ಬಿಟ್ಟುಹೋಗಿ, ಬದಲಿಗೆ ಬಂದವನು ಪಾಠದ ಹೊತ್ತಿನಲ್ಲಿ ಟೀವಿ ಹಾಕಿ ಕೂರುತ್ತಿದ್ದನಂತೆ. ನಮ್ಮ ಬಡಾವಣೆಯ ಹೈಸ್ಕೂಲಿನಲ್ಲಾದರೆ ಲೆಕ್ಕಕ್ಕೇ ಒಂದು ದಂಡು ಮೇಷ್ಟ್ರುಗಳು, ಲ್ಯಾಬು, ಈಜುಕೊಳ. ಕಾನೂನಿನ ಪ್ರಕಾರ ಈಗ ಯಾವ ಶಾಲೆಯೂ ಬಿಳಿಯರದಲ್ಲ, ಕಪ್ಪು ಜನರದೂ ಅಲ್ಲ. ಯಾವ ಮನೆಯಲ್ಲಿದ್ದೀಯೋ ಆ ಮನೆಗೆ ಗೊತ್ತಾದ ಶಾಲೆ, ಅಷ್ಟೇ. ಯಾರು ಎಲ್ಲಿ ಮನೆ ಮಾಡಿದ್ದಾರೆ ಎಂಬುದು ಮಾತ್ರ ಹಳೆಯ ಗೆರೆಯ ಪ್ರಕಾರವೇ ಉಳಿದಿತ್ತು.

ನಮ್ಮ ಮನೆಯ ವಿಳಾಸ ಕೊಡಲೇ ಎಂದು ಕೇಳಿದವಳು ನಾನೇ. ಮೈಸೂರಿನಲ್ಲಿ ನಮ್ಮ ತಂದೆಯ ಮನೆಯ ವಿಳಾಸದಲ್ಲಿ ಎಷ್ಟು ಜನ ಓದಿದರೋ ಲೆಕ್ಕವಿಲ್ಲ. ಚಿಕ್ಕಪ್ಪನ ಮಕ್ಕಳು, ಅಮ್ಮನ ಗೆಳತಿಯ ಮಕ್ಕಳು, ಹಾಲಿನವನ ಅಣ್ಣನ ಮಗಳು. ಕೇರ್ ಆಫ್ ಎಂದು ಬರೆದು ನಮ್ಮಪ್ಪನ ಹೆಸರು ಹಾಕಿದರೆ ಮುಗಿಯಿತು, ಪೋಸ್ಟ್‌ಮ್ಯಾನ್ ಕೂಡ ನಕ್ಕು ಕಾಗದ ಎಸೆದು ಹೋಗುತ್ತಿದ್ದ. ಇಲ್ಲಿಯೂ ನಮ್ಮ ಪರಿಚಯದ ಒಂದು ಮನೆಯಲ್ಲಿ ತಂಗಿಯ ಮಗ ಹಾಗೇ ಓದಿ ಮುಗಿಸಿದ್ದ.  ನಿಮ್ಮವರ ಹುಡುಗನನ್ನು ಯಾರೂ ಕೇಳುವುದಿಲ್ಲ, ನನ್ನ ಮಗಳನ್ನು ಕೇಳುತ್ತಾರೆ, ಇದಕ್ಕೆ ಕೇಸ್ ಹಾಕುತ್ತಾರೆ, ಗೊತ್ತಿದೆಯಾ ಅಂದಳು ಲೀಡ್. ಒಂದು ವಿಳಾಸಕ್ಕೆ ಕೇಸೇ ಎಂದು ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಎರಡು ದಿನ ಯೋಚಿಸಿ ಒಪ್ಪಿಕೊಂಡಳು.

ಹೀಗೆ ಆ ಹುಡುಗಿ ನಮ್ಮ ಬೀದಿಗೆ ಬಂದಳು. ಬೆಳಿಗ್ಗೆ ಬೇಗ ತಾಯಿ ತಂದು ನಮ್ಮ ಮನೆಯ ಮುಂದೆ ಬಿಡುವುದು, ಅಲ್ಲಿಂದ ಸ್ಕೂಲ್ ಬಸ್ಸು, ಸಂಜೆ ನಮ್ಮ ಮನೆಯಲ್ಲಿ ಹೋಮ್‌ವರ್ಕ್, ತಾಯಿ ಆಫೀಸು ಮುಗಿಸಿ ಕರೆದುಕೊಂಡು ಹೋಗುವುದು. ಎತ್ತರದ, ಸಂಕೋಚದ ಹುಡುಗಿ. ನನ್ನ ಐದು ವರ್ಷದ ಮಗ ಅವಳ ಬಾಲವಾಗಿಬಿಟ್ಟ. ಎದುರುಮನೆಯ ಬಿಳಿ ಮುದುಕ, ಹುಲ್ಲಿಗೆ ನೀರು ಬಿಡುವುದೇ ಉದ್ಯೋಗವಾಗಿದ್ದವನು, ಒಂದು ದಿನ ನಗುನಗುತ್ತಾ ಬಂದು ಅವಳು ನಿಮ್ಮ ಬೇಬಿಸಿಟರಾ ಎಂದು ವಿಚಾರಿಸಿದ. ಅಲ್ಲ, ನಮ್ಮ ಮನೆಯವಳು ಅಂದೆ. ಓ, ಹೌದಾ, ಒಳ್ಳೆಯದು ಎಂದು ವಾಪಸ್ ಹೋದ. ಅದಾದ ಮೇಲೆಯೇ ಕಂದು ಕಾರು ಬಂದದ್ದು.

ಬೀದಿಯ ಕೊನೆಯ ಗುಜರಾತಿ ಮನೆಯ ಹೆಂಗಸು ಗುಟ್ಟಾಗಿ ಹೇಳಿದಳು: ಶಾಲೆಯವರು ರಿಟೈರಾದ ಪೊಲೀಸಿನವನೊಬ್ಬನನ್ನು ಇಟ್ಟುಕೊಂಡಿದ್ದಾರೆ, ಸುಳ್ಳು ವಿಳಾಸ ಹಿಡಿಯುವುದೇ ಅವನ ಕೆಲಸ. ನಾನು ಆ ದಿನ ಕಿಟಕಿಯ ಪರದೆ ಇಳಿಬಿಟ್ಟೆ. ಇಳಿಬಿಟ್ಟ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು, ಯಾಕೆಂದರೆ ಅವನು ಇದ್ದಾನೋ ಇಲ್ಲವೋ ಎಂದು ಪರದೆ ಸರಿಸಿ ಸರಿಸಿ ನೋಡಬೇಕಾಯಿತು. ಒಂದು ದಿನ ಇರುತ್ತಿದ್ದ, ಎರಡು ದಿನ ಇರುತ್ತಿರಲಿಲ್ಲ. ಇಲ್ಲದ ದಿನ ಬೇರೆ ಕಾರಿನಲ್ಲಿ ಬಂದಿರಬಹುದೇ ಎಂದು ಹಾದುಹೋಗುವ ಎಲ್ಲ ಕಾರಿನೊಳಗೂ ಇಣುಕುತ್ತಿದ್ದೆ. ಎರಡು ವರ್ಷದ ಹಿಂದೆ ಪೂರ್ವ ಟೆಕ್ಸಾಸಿನ ಊರೊಂದರಲ್ಲಿ ಕಪ್ಪು ಮನುಷ್ಯನೊಬ್ಬನನ್ನು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದಿದ್ದರು. ಆ ಸುದ್ದಿ ಟೀವಿಯಲ್ಲಿ ಬಂದಾಗ ಅದು ಎಲ್ಲೋ ದೂರದ ಕಾಡುಜನರ ಕೆಲಸ ಎಂದು ಚಾನೆಲ್ ಬದಲಿಸಿದ್ದೆ. ಈಗ ಆ ಹುಡುಗಿ ಬಸ್ ಸ್ಟಾಪಿಗೆ ಒಬ್ಬಳೇ ನಡೆದುಹೋಗುವಾಗ ಹಿಂದೆ ಯಾವುದಾದರೂ ಟ್ರಕ್ಕು ಕಂಡರೆ ಅದು ತಿರುವು ದಾಟಿ ಹೋಗುವವರೆಗೆ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ನಮ್ಮವರು ಆಗ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿ ಪ್ರಾಜೆಕ್ಟಿನ ಮೇಲಿದ್ದರು. ಸೋಮವಾರ ಹೋದರೆ ಶುಕ್ರವಾರ ಡ್ರೈವ್ ಮಾಡಿಕೊಂಡು ವಾಪಸ್. ಫೋನಿನಲ್ಲಿ ವಿಷಯ ಹೇಳಿದರೆ ಅವರಿಗೆ ಮೊದಲು ನೆನಪಾದದ್ದು ನಮ್ಮ ಗ್ರೀನ್ ಕಾರ್ಡ್. ನಿನಗ್ಯಾಕ ಬೇಕಿತ್ತು ಇದೆಲ್ಲಾ ಅಂದರು. ಕೊನೆಗೆ ಅವರೇ ಒಂದು ದಾರಿಯನ್ನೂ ಹೇಳಿದರು. ಸುಳ್ಳು ಅನ್ನುವುದಕ್ಕೆ ಕಾರಣ ಅವಳು ಇಲ್ಲಿ ಇರುವುದಿಲ್ಲ ಎಂಬುದು ತಾನೆ? ಹಾಗಾದರೆ ಇರಲಿ. ವಕೀಲರೊಬ್ಬರನ್ನು ಕೇಳಿ ಕಾಗದಪತ್ರ ಮಾಡಿಸಿದೆವು. ಶಾಲೆಯ ದಿನಗಳಲ್ಲಿ ಹುಡುಗಿ ನಮ್ಮ ಮನೆಯಲ್ಲಿಯೇ ಇರುವುದು, ಶುಕ್ರವಾರ ಸಂಜೆ ತಾಯಿಯ ಮನೆಗೆ ಹೋಗುವುದು ಎಂದಾಯಿತು. ತಾಯಿ ಮಗಳ ಬಟ್ಟೆಯ ಚೀಲ ಇಳಿಸಿ, ಕಾರಿನೊಳಗೇ ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ನಮ್ಮಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿ ಮನೆಗೆ ಹೋಗುತ್ತಿದ್ದರು, ನಾನು ಮಗಳನ್ನೇ ಬಿಟ್ಟು ಹೋಗುತ್ತಿದ್ದೇನೆ ಅಂದಳು.

ಅದೇ ತಿಂಗಳು ಧಾರವಾಡದಿಂದ ನಮ್ಮ ಅತ್ತೆ ಬಂದರು, ಆರು ತಿಂಗಳ ವೀಸಾದಲ್ಲಿ.

ಅತ್ತೆಯದು ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಒಣಗಿದ ಸೀರೆಯುಟ್ಟು, ದೇವರ ಅಡುಗೆ ಮುಗಿಯುವವರೆಗೆ ಮಗನೂ ಮೊಮ್ಮಗನೂ ಅವರನ್ನು ಮುಟ್ಟುವಂತಿಲ್ಲ. ಆಫೀಸಿನ ಪ್ಯಾಂಟು ಹಾಕಿದ ನಾನಂತೂ ಸ್ಟೌವಿನ ಬಳಿಯೂ ಸುಳಿಯಬಾರದು. ಇದು ನನಗೆ ಗೊತ್ತಿದ್ದದ್ದೇ, ಪೂಜೆ ಮುಗಿದ ಮೇಲೆ ಸಡಿಲವಾಗುತ್ತಿತ್ತು. ಹುಡುಗಿಯನ್ನು ಹೇಗೆ ನೋಡುತ್ತಾರೋ ಎಂದು ನಾನು ಅಂಜಿದ್ದೆ. ನೋಡಿದರೆ ಎರಡೇ ವಾರದಲ್ಲಿ ಇಬ್ಬರಿಗೂ ಜೋಡಿ ಕೂಡಿತು. ಒಬ್ಬರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ಇನ್ನೊಬ್ಬಳಿಗೆ ಇಂಗ್ಲಿಷು ಬಿಟ್ಟರೆ ಬೇರೆ ಬಾರದು. ಅತ್ತೆ ಬಿಸಿ ಜೋಳದ ಭಕ್ರಿ ಬಡಿದು ಮೊದಲನೆಯದನ್ನು ಅವಳಿಗೇ ಹಾಕುವರು. ಅವಳು ಗ್ರ್ಯಾಂಡ್‌ಮಾ ಅಂದರೆ ಇವರು ಏನು ತಂಗಿ ಅನ್ನುವರು. ಬಾಗಿಲಲ್ಲಿ ರಂಗೋಲಿ ಇಡುವಾಗ ಚುಕ್ಕಿಗಳನ್ನು ನೋಡಿ ಹುಡುಗಿ ಅದರ ಲೆಕ್ಕ ಹಿಡಿದು ಹೇಳಿದಾಗ ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಅವಳ ತಟ್ಟೆ ಮತ್ತು ಲೋಟ ಲಾಂಡ್ರಿ ರೂಮಿನಲ್ಲಿರುತ್ತಿದ್ದವು. ಬಟ್ಟೆ ಒಗೆಯುವ ಮಿಷಿನ್ನಿನ ಮೇಲೆ, ಸೋಪಿನ ಪುಡಿಯ ಡಬ್ಬಿ ಇಡುವ ಶೆಲ್ಫಿನಲ್ಲಿ. ಇದು ಮಡಿಯಲ್ಲ. ಮಡಿಯಾಗಿದ್ದರೆ ನನ್ನ ಲೋಟವೂ ಅಲ್ಲೇ ಇರಬೇಕಿತ್ತು. ಮೊದಲ ದಿನ ನೋಡಿ ನಾನು ಅದನ್ನು ತಂದು ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಎಲ್ಲರ ಲೋಟದ ಜೊತೆ ಇಟ್ಟೆ. ಸಂಜೆ ಆಫೀಸಿನಿಂದ ಬಂದರೆ ಅದು ಮತ್ತೆ ಶೆಲ್ಫಿನಲ್ಲಿತ್ತು. ಮಾರನೆಯ ದಿನ ನಾನು ಮತ್ತೆ ಒಳಗೆ ತಂದೆ, ಅವರು ಮತ್ತೆ ಹೊರಗಿಟ್ಟರು. ಬಾಯಿಬಿಟ್ಟು ಕೇಳಿದೆ, ಜಗಳವಾಡಿದೆ, ಕೂಗಾಡಿದೆ. ಅತ್ತೆ ಕೂಗಾಡಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿ, ಸ್ಟ್ಯಾಂಡಿನಲ್ಲಿದ್ದ ಲೋಟಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದರು, ಅಷ್ಟೇ. ನಮ್ಮವರಿಗೆ ಹೇಳಿದರೆ ಅವರು ಫೋನಿನಲ್ಲಿ ಅವ್ವಗ ವಯಸ್ಸಾಗೇದ, ಆರು ತಿಂಗಳ ಮಾತು ಅಂದರು. ಶಾಲೆಯ ವಿಚಾರಣೆ ಮೊದಲು ಮುಗಿಯಲಿ, ಆಮೇಲೆ ಈ ಲೋಟದ ಇತ್ಯರ್ಥ ಮಾಡುತ್ತೇನೆ ಎಂದು ನಾನೂ ಹಲ್ಲುಕಚ್ಚಿಕೊಂಡೆ.

ಹುಡುಗಿಗೆ ಇದು ಏನೆಂದು ತಿಳಿದಿರಲಿಲ್ಲ. ಅವಳಿಗೆಂದೇ ಒಂದು ಹೊಳೆಯುವ ಸ್ಟೀಲ್ ಲೋಟ, ಅವಳಿಗೆಂದೇ ಒಂದು ತಟ್ಟೆ, ಅದಕ್ಕೆಂದೇ ಒಂದು ಜಾಗ. ಊಟ ಮಾಡಿ ತಾನೇ ತೊಳೆದು ಅಲ್ಲಿಟ್ಟು ಬರುತ್ತಿದ್ದಳು. ನನ್ನ ಮಗ ಒಂದು ದಿನ ಅದರಲ್ಲಿ ನೀರು ಕುಡಿಯಲು ಹೋದಾಗ, ಅದು ನನ್ನದು, ಗ್ರ್ಯಾಂಡ್‌ಮಾ ನನಗೆ ಮಾತ್ರ ಕೊಟ್ಟದ್ದು ಎಂದು ಪ್ರೀತಿಯಿಂದ ಕಸಿದುಕೊಂಡಳು. ನಾನು ಸಿಂಕಿನ ಕಡೆ ಮುಖ ತಿರುಗಿಸಿಕೊಂಡೆ.

ಕಂದು ಕಾರಿನ ಆ ಮನುಷ್ಯ ಕೊನೆಗೂ ಬಾಗಿಲು ತಟ್ಟಿದ್ದು ಒಂದು ಬುಧವಾರ ಸಂಜೆ. ಟೋಪಿ ಕೈಯಲ್ಲಿತ್ತು, ಮಾತು ಬಲು ನಯ. ಒಳಗೆ ಬರಬಹುದೇ ಮೇಡಂ ಎಂದು ಕೇಳಿ, ಉತ್ತರಕ್ಕೆ ಮುಂಚೆಯೇ ಒಂದು ಕಾಲು ಒಳಗಿಟ್ಟಿದ್ದ. ಹುಡುಗಿ ಊಟದ ಟೇಬಲ್ಲಿನಲ್ಲಿ ಓದುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟು ಎರಡೂ ಕೈಗಳನ್ನು ಟೇಬಲ್ಲಿನ ಮೇಲೆ ಕಾಣುವ ಹಾಗೆ ಇಟ್ಟುಕೊಂಡಳು. ಪೊಲೀಸರ ಮುಂದೆ ಹಾಗೆ ಕೂರಬೇಕೆಂದು ಅವಳಿಗೆ ಯಾರೋ ಕಲಿಸಿದ್ದರು. ನನ್ನ ಮಗನಿಗೆ ನಾನು ಅಂಥದ್ದನ್ನು ಕಲಿಸಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಆ ಮನುಷ್ಯ ಹುಡುಗಿಯ ರೂಮು ನೋಡಿದ, ಬೀರು ತೆಗೆದು ಬಟ್ಟೆಗಳನ್ನು ಬೆರಳಲ್ಲಿ ಸರಿಸಿದ, ಬಾತ್‌ರೂಮಿಗೆ ಹೋಗಿ ಹಲ್ಲುಜ್ಜುವ ಬ್ರಷ್ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದ. ನಿನ್ನ ತಾಯಿ ಎಲ್ಲಿ ಮಲಗುತ್ತಾಳೆ, ನಿನ್ನ ತಾಯಿಗೆ ಇವರು ಹೇಗೆ ಪರಿಚಯ ಎಂದು ಹುಡುಗಿಯನ್ನು ಕೇಳುತ್ತಲೇ ಇದ್ದ. ಅವಳ ದನಿ ಸಣ್ಣಗಾಗುತ್ತಾ ಹೋಯಿತು.

ಅಷ್ಟರಲ್ಲಿ ದೇವರ ಮುಂದೆ ಕೂತಿದ್ದ ಅತ್ತೆ ಎದ್ದು ಬಂದು ಹುಡುಗಿಯ ಕುರ್ಚಿಯ ಹಿಂದೆ ನಿಂತರು. ಏನು ಕೇಳುತ್ತಿದ್ದಾನೆ ಎಂದು ನನ್ನನ್ನು ವಿಚಾರಿಸಿದರು. ಹೇಳಿದೆ.

"ಆಕಿ ಇಲ್ಲೇ ಇರ್ತಾಳ, ಇಲ್ಲೇ ಉಣ್ತಾಳ, ಇಲ್ಲೇ ಮಲಗ್ತಾಳ ಅಂತ ಹೇಳು ಅವಗ. ನಾ ಸುಳ್ಳು ಹೇಳಾಕಿ ಅಲ್ಲ. ನಮ್ಮ ಮನಿ ಹುಡುಗಿ ಆಕಿ."

ನಾನು ಹೇಳಿದೆ. ಅವನು ಹಣೆಯ ಮೇಲೆ ಕುಂಕುಮವಿದ್ದ ಆ ಸಣ್ಣ ಮುದುಕಿಯನ್ನು ಒಂದು ಕ್ಷಣ ನೋಡಿ, ಸರಿ ಮೇಡಂ, ನನ್ನ ಕೆಲಸ ಮುಗಿಯಿತು ಎಂದು ಟೋಪಿ ಹಾಕಿಕೊಂಡ. ಬಾಗಿಲು ಹಾಕಿದ ಮೇಲೆ ಹುಡುಗಿ ತಿರುಗಿ ಅತ್ತೆಯ ಸೊಂಟ ತಬ್ಬಿಕೊಂಡಳು. ಅತ್ತೆ ಮೈ ಬಿಗಿಹಿಡಿದು ನಿಂತಿದ್ದರು, ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಅವತ್ತು ನನಗೆ ಅತ್ತೆಯ ಮೇಲೆ ಬಂದ ಪ್ರೀತಿ ಸುಳ್ಳಲ್ಲ. ಅವಳು ನಿದ್ದೆ ಹೋದ ಮೇಲೆ ಅವರು ಮತ್ತೊಮ್ಮೆ ಸ್ನಾನ ಮಾಡಿದ್ದೂ ಸುಳ್ಳಲ್ಲ.

ಶುಕ್ರವಾರ ಲೀಡ್ ಮಗಳನ್ನು ಕರೆದೊಯ್ಯಲು ಬರುವಾಗ ತಾನೇ ಮಾಡಿದ ಪೀಕನ್ ಪೈ ಎಂಬ ಸಿಹಿ ತಂದಳು. ಆಫೀಸಿನಲ್ಲಿಯೇ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದಳು, ಈಗ ನಿಮ್ಮ ಅತ್ತೆಗೆ ಹೇಳಬೇಕು ಅಂದಳು. ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆಯೂ ನಕ್ಕು ಕೂರಿಸಿದರು. ಪೈಯಲ್ಲಿ ಮೊಟ್ಟೆ ಇರುತ್ತದೆಂದು ಗೊತ್ತಿದ್ದರೂ ಮುಖ ಸಿಂಡರಿಸದೆ ಇಸಿದುಕೊಂಡರು. ಚಹಾ ಆಯಿತು. ಮಗಳು ಖುಷಿಯಲ್ಲಿ, ಮಾಮ್, ನನ್ನದೇ ಕಪ್ ಇದೆ ಗೊತ್ತಾ, ಬಾ ತೋರಿಸುತ್ತೇನೆ ಎಂದು ತಾಯಿಯ ಕೈ ಹಿಡಿದು ಎಳೆದುಕೊಂಡು ಹೋದಳು.

ಹೋದದ್ದು ಲಾಂಡ್ರಿ ರೂಮಿಗೆ. ನಾನು ಹಿಂದೆ ಹೋದೆ. ಲೀಡ್ ಶೆಲ್ಫಿನ ಮುಂದೆ ನಿಂತಿದ್ದಳು. ಸೋಪಿನ ಪುಡಿಯ ಡಬ್ಬಿ, ಬ್ಲೀಚಿನ ಬಾಟಲಿ, ಅವುಗಳ ಪಕ್ಕ ತಟ್ಟೆ, ಲೋಟ. ಮಗಳಿಗೆ ಹೋಗಿ ಬಟ್ಟೆ ಪ್ಯಾಕ್ ಮಾಡು, ಎಲ್ಲವನ್ನೂ ಅಂದಳು. ಹುಡುಗಿ ಯಾಕೆಂದು ಕೇಳದೆ ಹೋದಳು. ಆಮೇಲೆ ಲೀಡ್ ನನ್ನನ್ನು ಕೇಳಿದಳು, ನಿನ್ನ ಮಗನ ಲೋಟ ಎಲ್ಲಿಡುತ್ತೀರಿ ಎಂದು. ಅಡುಗೆಮನೆಯಲ್ಲಿ ಅಂದೆ. ನಿನ್ನದು ಎಂದು ಕೇಳಿದಳು. ಅಡುಗೆಮನೆಯಲ್ಲಿ ಅಂದೆ. ಇದನ್ನು ನಾನು ಒಪ್ಪಿಲ್ಲ, ದಿನಾ ಜಗಳವಾಡಿದ್ದೇನೆ ಎಂದು ಹೇಳಲು ಶುರುಮಾಡಿದೆ. ಅವಳು ಕೈಯೆತ್ತಿ ನಿಲ್ಲಿಸಿದಳು. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

"ಯಾಕೆ ಅಂತ ಅವರನ್ನ ಕೇಳು," ಅಂದಳು ಲೀಡ್. "ಅವರು ಏನು ಹೇಳ್ತಾರೋ ಅದನ್ನೇ ಹೇಳು. ನೀನು ಸರಿಮಾಡಿ ಹೇಳಬೇಡ."

ನಾನು ಕೇಳಿದೆ. ಅತ್ತೆಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನಾ ಆಕಿಗೆ ಏನು ಕಡಿಮಿ ಮಾಡೀನಿ? ಮೊದಲ ಭಕ್ರಿ ಆಕಿಗೇ ಹಾಕ್ತೀನಿ. ನಾವು ಕುಡಿಯೋ ನೀರೇ ಆಕಿಗೂ ಕೊಡ್ತೀವಿ. ಲೋಟಾ ಬ್ಯಾರೆ ಇಟ್ರ ಏನಾತು? ಇದು ನಮ್ಮ ಪದ್ಧತಿ ಅದ."

ಸರಿಮಾಡಬೇಡ ಎಂದಿದ್ದಳಲ್ಲ. ಒಂದೊಂದೇ ಮಾತನ್ನು ನನ್ನ ಬಾಯಿಂದ, ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಕಡಿಮೆ ಮಾಡಿಲ್ಲ. ಅದೇ ನೀರು. ಇದು ನಮ್ಮ ಪದ್ಧತಿ. ಹೇಳುತ್ತಾ ಹೇಳುತ್ತಾ ಆ ಮಾತುಗಳು ನನ್ನವೇ ಆದವು. ಕೇಳುತ್ತಿದ್ದವಳಿಗೆ ಬೇರೆ ಯಾರ ದನಿ ಕೇಳಿಸಬೇಕಿತ್ತು?

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಡೌನ್‌ಟೌನಿನ ಅಂಗಡಿಯಲ್ಲಿ ನಮಗೆ ನೀರಿನ ನಲ್ಲಿ ಬೇರೆ ಇತ್ತು," ಅಂದಳು. "ಅಂಗಡಿಯವನು ನಮ್ಮಪ್ಪನಿಗೆ ಇದನ್ನೇ ಹೇಳಿದ. ಅದೇ ಪೈಪಿನ ನೀರು, ಅಷ್ಟೇ ತಣ್ಣಗಿದೆ, ನಿಮಗೇನು ಕಡಿಮೆಯಾಗಿದೆ ಅಂತ. ಅವನೂ ನಗ್ತಾನೇ ಹೇಳಿದ. ನಾನು ಪಕ್ಕದಲ್ಲೇ ಇದ್ದೆ."

ಶಾಲೆ ಬಿಡಿಸಬೇಡ, ವಿಚಾರಣೆ ಮುಗಿದಿದೆ, ಇನ್ನು ಯಾರೂ ಕೇಳುವುದಿಲ್ಲ, ಬೇಕಾದರೆ ಅತ್ತೆಯನ್ನು ಊರಿಗೆ ಕಳಿಸುತ್ತೇನೆ ಎಂದು ನಾನು ಅವಳ ಹಿಂದೆ ಹಿಂದೆ ಹೋದೆ. ಇನ್ನು ಎರಡು ವರ್ಷ ಅಷ್ಟೇ, ಅವಳ ಲೆಕ್ಕ ಏನಾಗಬೇಕು ಅಂದೆ. ಲೀಡ್ ಹಾಲಿನಲ್ಲಿ ನಿಂತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಹೇಳಿದಳು: ಆ ಶಾಲೆಯವರು ನನ್ನ ಮಗಳನ್ನು ಬೇಡ ಅಂದರೆ ನಾನು ಹೋರಾಡಬಲ್ಲೆ, ಅದು ನಮ್ಮಪ್ಪ ಕಲಿಸಿದ್ದಾರೆ. ಪ್ರೀತಿಯಿಂದ ಊಟ ಹಾಕಿ ಇದನ್ನು ಕಲಿಸುವ ಮನೆಯಲ್ಲಿ ಅವಳನ್ನು ಬಿಟ್ಟರೆ, ಇದೂ ಪ್ರೀತಿಯೇ ಎಂದು ಅವಳು ಕಲಿಯುತ್ತಾಳೆ.

ಹುಡುಗಿ ಚೀಲಗಳ ಜೊತೆ ಬಂದಳು. ಅತ್ತೆಗೆ ಬೈ ಗ್ರ್ಯಾಂಡ್‌ಮಾ ಅಂದಳು, ನನ್ನ ಮಗನ ಕೆನ್ನೆ ಹಿಂಡಿದಳು. ಯಾರೂ ಅವಳಿಗೆ ಇನ್ನೂ ಏನೂ ಹೇಳಿರಲಿಲ್ಲ. ನಾನು ಡ್ರೈವ್‌ವೇ ತನಕ ಹೋದೆ. ಅವರಿಬ್ಬರೂ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು, ಆದರೆ ಕಾರು ತಕ್ಷಣ ಹೊರಡಲಿಲ್ಲ. ಗಾಜಿನೊಳಗೆ ತಾಯಿ ಮುಂದೆ ನೋಡಿಕೊಂಡೇ ಏನೋ ಹೇಳುತ್ತಿದ್ದಳು. ಉದ್ದದ ಮಾತಲ್ಲ. ಹುಡುಗಿ ತಲೆಯಲ್ಲಾಡಿಸಿ ಇಲ್ಲ ಅಂದಳು, ಮತ್ತೊಮ್ಮೆ ಇಲ್ಲ ಅಂದಳು. ಆಮೇಲೆ ನಿಧಾನವಾಗಿ ತಿರುಗಿ ನಮ್ಮ ಮನೆಯನ್ನು ನೋಡಿದಳು. ಬಾಗಿಲು, ಬಾಗಿಲಲ್ಲಿ ನಿಂತ ಅತ್ತೆ, ಕೊನೆಗೆ ನಾನು. ಅಳುತ್ತಿರಲಿಲ್ಲ. ಮತ್ತೆ ದಾರಿ ತಪ್ಪಿ ಬರಬಾರದ ಮನೆಯನ್ನು ಗುರುತು ಮಾಡಿಕೊಳ್ಳುವವರು ಹಾಗೆ ನೋಡುತ್ತಾರೆ.

ಸೋಮವಾರ ಆಫೀಸಿನಲ್ಲಿ ಲೀಡ್ ಗುಡ್ ಮಾರ್ನಿಂಗ್ ಅಂದಳು, ನನ್ನ ವಾರದ ಕೆಲಸ ವಿವರಿಸಿದಳು, ಮಧ್ಯಾಹ್ನ ಊಟಕ್ಕೆ ಕರೆಯಲಿಲ್ಲ. ಹುಡುಗಿ ಆ ಬೆಳಿಗ್ಗೆ ನದಿಯಾಚೆಯ ಶಾಲೆಗೆ ಹೋಗಿದ್ದಳು.